ನಾನು ಹಾಕದ ಎಣ್ಣೆ

ದೇವರು, ಪವಾಡ ಎನ್ನುವವರ ಜೊತೆ ವಾದಕ್ಕಿಳಿಯುವುದು ನನಗೆ ಊಟದಷ್ಟೇ ಇಷ್ಟ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ‘ಕಾಗಕ್ಕ ಗುಬ್ಬಕ್ಕನ ಕಥೆ ಬಿಡಿ ಮಾರಾಯ್ರೆ’ ಎಂದು ನಗುತ್ತಿದ್ದೆ. ನೀವೂ ನಗಬಹುದು, ನನ್ನದೇನೂ ಅಭ್ಯಂತರವಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಹೊಸನಗರದಲ್ಲಿ ದನದ ಡಾಕ್ಟರಾಗಿದ್ದೆ. ಸುಬ್ಬರಾಯರು, ಸಾವಿತ್ರಮ್ಮ ದಂಪತಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ನಾಸ್ತಿಕನೆಂದು ಗೊತ್ತಿದ್ದೂ ನನ್ನನ್ನು ಮನೆಯವನಂತೆಯೇ ನೋಡಿಕೊಂಡರು. ಪೂಜೆ ಮುಗಿದ ಮೇಲೆ ಸಾವಿತ್ರಮ್ಮ ತಟ್ಟೆ ತಂದಿಟ್ಟು, “ಪ್ರಸಾದ ಅಂತ ತಿನ್ಬೇಡಿ ಡಾಕ್ಟ್ರೇ, ಅವಲಕ್ಕಿ ಅಂತ ತಿನ್ನಿ” ಎನ್ನುತ್ತಿದ್ದರು. ನಾನು ಹಾಗೆಯೇ ತಿನ್ನುತ್ತಿದ್ದೆ, ಅದೂ ಎರಡೆರಡು ಸಲ ಹಾಕಿಸಿಕೊಂಡು.

ರಾಯರ ಹೃದಯಕ್ಕೆ ಆಪರೇಷನ್ ಎಂದಾದಾಗ, ಅವರು ಮನೆಗೆ ಮರಳುವವರೆಗೆ ಆರದಂತೆ ನಂದಾದೀಪ ಉರಿಸುವುದಾಗಿ ಸಾವಿತ್ರಮ್ಮ ಹರಕೆ ಹೊತ್ತರು. ದೀಪ ಹಚ್ಚಿದ ಮರುದಿನವೇ ದಾಯಾದಿಯೊಬ್ಬರು ತೀರಿಕೊಂಡರು. ಸೂತಕದವರು ದೇವರ ದೀಪ ಮುಟ್ಟುವಂತಿಲ್ಲ. ಅಕ್ಕಪಕ್ಕದ ಮನೆಗಳೂ ಅದೇ ಕುಟುಂಬದವು. ಇಡೀ ಕೇರಿಯಲ್ಲಿ ಮೈಲಿಗೆ ಇಲ್ಲದೆ ಉಳಿದವನು ನಾನೊಬ್ಬನೇ!

“ನಂಬದಿದ್ರೂ ಅಡ್ಡಿಲ್ಲ ಡಾಕ್ಟ್ರೇ. ಬೆಳಿಗ್ಗೆ ಸಂಜೆ ಎಣ್ಣೆ ಹಾಕಿ ಸಾಕು. ಇವ್ರು ಬರೋವರೆಗೆ ಆರ್ಬಾರ್ದು, ಅಷ್ಟೇ” ಎಂದು ಇದ್ದ ಒಂದೇ ಬೀಗದಕೈಯನ್ನು ನನಗೆ ಕೊಟ್ಟರು. ಅವರ ಕಣ್ಣು ತುಂಬಿತ್ತು.

“ಆಯ್ತಮ್ಮ, ಬರೀ ಎಣ್ಣೆ ಅಂತ ಹಾಕ್ತೀನಿ” ಎಂದೆ. ಅಂಥ ಸಂಕಟದಲ್ಲೂ ನಕ್ಕುಬಿಟ್ಟರು. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ಇಬ್ಬರೂ ಘಟ್ಟದ ಕೆಳಗಿನ ಆಸ್ಪತ್ರೆಗೆ ಹೊರಟರು.

ಆಪರೇಷನ್ನಿನ ದಿನ ಬೆಳಿಗ್ಗೆ ಎಣ್ಣೆ ಹಾಕಿದ್ದೆ, ಮಧ್ಯಾಹ್ನ ನಿಟ್ಟೂರಿನಿಂದ ಕರೆ ಬಂತು. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿತ್ತು. ಅದನ್ನು ಹೊರತೆಗೆಯುವಷ್ಟರಲ್ಲಿ ಕತ್ತಲಾಯಿತು, ಆ ಮನೆಯವರು ಬಿಡಲಿಲ್ಲ, ಉಂಡು ಅಲ್ಲೇ ಮಲಗಿದೆ. ಬೆಳಿಗ್ಗೆ ಅಲ್ಲಿಯೇ ಇನ್ನೆರಡು ದನ ನೋಡಿದೆ. ದೀಪದ ನೆನಪೇ ಇಲ್ಲ. ಮಧ್ಯಾಹ್ನ ಸಾವಿತ್ರಮ್ಮನ ಫೋನು.

“ಆಪರೇಷನ್ ಚೆನ್ನಾಗಾಯ್ತು ಡಾಕ್ಟ್ರೇ, ಈಗ ಕಣ್ಣು ಬಿಟ್ರು. ದೀಪ ಉರೀತಾ ಇದ್ಯಲ್ವಾ?”

ದೀಪ ನೆನಪಾದದ್ದೇ ಆಗ. “ಉರೀತಾ ಇದೆ” ಎಂದೆ.

ಆರಿ ಯಾವ ಕಾಲವಾಯಿತೋ! ಹೊಸನಗರಕ್ಕೆ ಧಾವಿಸಿ, ಪೇಟೆಯಲ್ಲಿ ಬೆಂಕಿಪೊಟ್ಟಣ ಕೊಂಡು, ಯಾರಿಗೂ ಹೇಳದೆ ಮತ್ತೆ ಹಚ್ಚಿಬಿಡುವುದೆಂದು ನಿಶ್ಚಯಿಸಿಕೊಂಡೇ ಬೀಗ ತೆಗೆದೆ.

ದೀಪ ಉರಿಯುತ್ತಿತ್ತು. ಎಣ್ಣೆ ಅಂಚಿನವರೆಗೆ ತುಂಬಿತ್ತು. ಹಿತ್ತಿಲ ಬಾಗಿಲಿನ ಅಗಳಿ ಹಾಕಿದಂತೆಯೇ ಇತ್ತು, ಕಿಟಕಿಗಳೂ ಮುಚ್ಚಿದ್ದವು. ನಾನು ಬೆಂಕಿಪೊಟ್ಟಣವನ್ನು ಜೇಬಿಗಿಳಿಸಿದೆ.

ಆಮೇಲೆ ಅಷ್ಟೇ ಎಣ್ಣೆ ಹಿಡಿಯುವ ಇನ್ನೊಂದು ದೀಪ ತಂದು, ಅದೇ ಎಣ್ಣೆ, ಅದೇ ಬತ್ತಿ ಹಾಕಿ ಒಂದು ಬೆಳಿಗ್ಗೆ ನನ್ನ ಕೋಣೆಯಲ್ಲಿ ಉರಿಸಿ ನೋಡಿದೆ. ಮರುದಿನ ಬೆಳಗಾಗುವ ಮೊದಲೇ ಆರಿತು. ಅಕ್ಕಪಕ್ಕದವರನ್ನು ವಿಚಾರಿಸೋಣವೆಂದರೆ ನಾನು ಮರೆತದ್ದು ಬಯಲಾಗುತ್ತಿತ್ತು. ವಿಚಾರಿಸಲಿಲ್ಲ.

ರಾಯರು ಮನೆಗೆ ಬಂದ ದಿನ ಸಾವಿತ್ರಮ್ಮ ದೀಪಕ್ಕೆ ಕೈಮುಗಿದು, ತಿರುಗಿ ನನಗೂ ಮುಗಿದರು. “ನಂಬೋ ನಾವು ಹತ್ತು ಸಲ ಮರೀತೀವಿ. ನಂಬದ ಡಾಕ್ಟ್ರು ಒಂದ್ಹೊತ್ತೂ ತಪ್ಪಿಸ್ಲಿಲ್ಲ” ಎಂದು ನೆಂಟರೆದುರು ಹೇಳಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ದೇವರಿಲ್ಲದಿದ್ದರೂ ಸುಳ್ಳು ಹೇಳದೆ ಬದುಕಬಹುದು ಎಂದು ಅದೇ ಜಗಲಿಯಲ್ಲಿ ಭಾಷಣ ಬಿಗಿಯುತ್ತಿದ್ದವನು ನಾನು! ನಿಜ ಹೇಳಿದರೆ ಪವಾಡಕ್ಕೆ ನಾನೇ ಸಾಕ್ಷಿಯಾಗಬೇಕು, ಹೇಳದಿದ್ದರೆ ಕಳ್ಳ. ಎಲೆಯ ಮುಂದೆ ಕೂತುಬಿಟ್ಟೆ. ಮೊದಲ ಪಾಯಸ ನನಗೇ ಬಡಿಸಿದರು. ಪ್ರಸಾದ ಅಂತಲೂ ಅಲ್ಲ, ಪಾಯಸ ಅಂತಲೂ ಅಲ್ಲ, ತಲೆತಗ್ಗಿಸಿ ನುಂಗಿದೆ.

ಈಗ ಸಾಗರದಲ್ಲಿದ್ದೇನೆ. ಕಳೆದ ತಿಂಗಳು ಸಾವಿತ್ರಮ್ಮನ ಫೋನು ಬಂತು. ರಾಯರಿಗೆ ಮತ್ತೆ ಆಸ್ಪತ್ರೆ, ಮತ್ತೆ ದೀಪದ ಹರಕೆ. “ಈ ಸಲ ಸೂತಕ ಎಂತದೂ ಇಲ್ಲ. ಆದ್ರೂ ನೀವೇ ಬನ್ನಿ ಡಾಕ್ಟ್ರೇ. ನಿಮ್ಮ ಕೈಲಿ ಆರೋದಿಲ್ಲ.”

ರಜೆ ಹಾಕಿ ಹೋದೆ. ಒಂದು ಹೊತ್ತು ಎಣ್ಣೆ ಹಾಕದೆ ಸುಮ್ಮನಿದ್ದು ನೋಡಿದ್ದರೆ ಎಲ್ಲವೂ ತೀರ್ಮಾನವಾಗುತ್ತಿತ್ತು. ಹಾಗೆ ಮಾಡಬೇಕೆಂದುಕೊಂಡೇ ಬಸ್ಸು ಹತ್ತಿದ್ದೆ. ಆದರೆ ಎಣ್ಣೆ ಅರ್ಧಕ್ಕಿಳಿಯುವ ಮೊದಲೇ ಎದ್ದೆದ್ದು ಹೋಗಿ ಹಾಕುತ್ತಿದ್ದೆ. ರಾಯರು ಮನೆಗೆ ಬರುವವರೆಗೂ ಹಾಕಿದೆ. ದೀಪ ಆರೀತೆಂದು ಹೆದರಿದೆನೋ, ಆರಲಿಕ್ಕಿಲ್ಲವೆಂದು ಹೆದರಿದೆನೋ, ನನಗೇ ಗೊತ್ತಿಲ್ಲ.