ಗಿರಿಜಮ್ಮ ಕಾಫಿ ಕುಡಿಯುವುದಿಲ್ಲವಂತೆ!

“ಮೇಡಂ, ಅವತ್ತು ನಾನು ಹೇಳಿದ್ದನ್ನ ನೀವು ಸರಿಯಾಗೇ ಇಂಗ್ಲಿಷಲ್ಲಿ ಹೇಳಿದ್ರಾ?”

ಕಳೆದ ಸೋಮವಾರ ಬಣಕಲ್ ಬಸ್ ಸ್ಟಾಪಿನಲ್ಲಿ, ಮೂಡಿಗೆರೆ ಬಸ್ಸಿಗೆ ಕಾಯುತ್ತಿದ್ದ ಹತ್ತು ಜನರ ಎದುರು ಗಿರಿಜಮ್ಮ ನನ್ನನ್ನು ಹೀಗೆ ಕೇಳಿದರು. ಇಷ್ಟು ವರ್ಷದಿಂದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ, ಯಾರೂ ನನ್ನ ಇಂಗ್ಲಿಷನ್ನು ಹೀಗೆ ಮುಖದ ಮೇಲೆ ಅನುಮಾನಿಸಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಗಿರಿಜಮ್ಮನ ಮೇಲಲ್ಲ. ಯಾರ ಮೇಲೆ ಅಂತ ಹೇಳುತ್ತೇನೆ, ಕೇಳಿ.

ಈ ಸಲದ ಕೊಯ್ಲಿನ ಹೊತ್ತಿಗೆ ನಮ್ಮೂರ ಪಕ್ಕದ ಎಸ್ಟೇಟಿಗೆ ವಿದೇಶದ ಟಿ.ವಿ.ಯವರು ಬಂದಿದ್ದರು. ಭಾರತದ ಸಂಸ್ಕೃತಿಯನ್ನು ಲೋಕಕ್ಕೆಲ್ಲ ತೋರಿಸುವ ಕಾರ್ಯಕ್ರಮವಂತೆ. ನಮ್ಮ ಪಾಲಿಗೆ ಬಂದದ್ದು ಕಾಫಿಯ ಎಪಿಸೋಡು. ಎಸ್ಟೇಟಿನ ಮಾಲೀಕರು ಪರಿಚಯದವರು. “ನಮ್ಮ ಹೆಣ್ಣಾಳುಗಳ ಮಾತು ಅವ್ರಿಗೆ ಅರ್ಥ ಆಗಲ್ಲ, ಒಂದು ದಿವಸ ಬಂದು ಇಂಗ್ಲಿಷಲ್ಲಿ ಹೇಳಿಬಿಡಿ” ಅಂದರು. ಹೋದೆ. (ಒಳ್ಳೆಯ ಸೀರೆ ಉಟ್ಟುಕೊಂಡೇ ಹೋದೆ, ನನ್ನನ್ನೂ ಎಲ್ಲಾದರೂ ಒಂದು ಮೂಲೆಯಲ್ಲಿ ತೋರಿಸಬಹುದು ಅಂತ. ಸುಳ್ಳು ಯಾಕೆ ಹೇಳಲಿ?)

ಗಿರಿಜಮ್ಮ ಆ ತೋಟದಲ್ಲಿ ಮೂವತ್ತು ವರ್ಷದಿಂದ ಕಾಫಿ ಹಣ್ಣು ಕುಯ್ಯುವವರು. ಹೊಸಬರ ಚೀಲದಲ್ಲಿ ನಾಲ್ಕು ಹಸಿರು ಕಾಯಿ ಕಂಡರೆ ಮೇಸ್ತ್ರಿಗಿಂತ ಮೊದಲು ಬೈಯುವವರು ಅವರೇ. ಅವತ್ತೂ ದಿನದಂತೆ ಬಂದಿದ್ದರು. ಸೀರೆಯ ಮೇಲೆ ಗಂಡನ ಹಳೆಯ ಫುಲ್ ಶರ್ಟು, ತಲೆಗೆ ಟವೆಲ್ಲು, ಸೊಂಟಕ್ಕೆ ಚೀಲ. ನಮ್ಮ ಕಡೆ ತೋಟಕ್ಕೆ ಹೋಗುವ ಹೆಂಗಸರೆಲ್ಲ ಹೀಗೇ. ಯಾಕೆ ಗೊತ್ತಾ? ಚಗಳಿ! ಎಲೆ ಹೆಣೆದು ಗೂಡು ಕಟ್ಟುವ ಆ ಕೆಂಪಿರುವೆ ಒಂದು ಸಲ ಕಚ್ಚಿದರೆ ಕೆಂಡ ಮುಟ್ಟಿದ ಹಾಗೆ ಉರಿಯುತ್ತದೆ. ಉದ್ದ ತೋಳಿನ ಶರ್ಟಿಲ್ಲದೆ ಗಿಡಕ್ಕೆ ಕೈ ಹಾಕುವಂತಿಲ್ಲ.

ಡೈರೆಕ್ಟರ್ ಮಹಾಶಯ ನೋಡಿದ. ಮುಖ ಹುಳ್ಳಗೆ ಮಾಡಿದ. “ಶರ್ಟು ತೆಗೆಯಲು ಹೇಳಿ. ಅಥೆಂಟಿಕ್ ಆಗಿ ಕಾಣುತ್ತಿಲ್ಲ” ಅಂದ.

ನಮ್ಮ ಹೆಂಗಸರು ಹೇಗೆ ಬದುಕುತ್ತಾರೋ ಹಾಗೆ ಕಂಡರೆ ಅದು ಅಥೆಂಟಿಕ್ ಅಲ್ಲ! ಮತ್ತೆ ಯಾವುದು ಅಥೆಂಟಿಕ್? ಅವನ ಸೂಟ್‌ಕೇಸಿನಲ್ಲಿತ್ತು. ಜರಿ ಅಂಚಿನ ಆರು ಕೆಂಪು ಸೀರೆಗಳು. ಆರೂ ಒಂದೇ ಥರ, ಬ್ಯಾಂಡ್ ಸೆಟ್ಟಿನ ಯೂನಿಫಾರಮ್ಮಿನಂತೆ.

“ಇದನ್ನ ಉಟ್ಕೊಂಡು ಹಣ್ಣು ಕುಯ್ಯೋದಾ, ಮದ್ವೆ ಮನೆಗೆ ಹೋಗೋದಾ ಮೇಡಂ?” ಅಂತ ಗಿರಿಜಮ್ಮ ಕೇಳಿದರು. ಉಳಿದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

“ಎರಡೇ ನಿಮಿಷ ಗಿರಿಜಮ್ಮ, ಶರ್ಟು ತೆಗೆದುಬಿಡಿ” ಅಂದವಳು ನಾನೇ. ನೆರಿಗೆ ಸರಿಮಾಡಿದವಳೂ ನಾನೇ.

ಎರಡು ನಿಮಿಷ ಎರಡು ಗಂಟೆಯಾಯಿತು. ಅವರ ಮೊಣಕೈವರೆಗೂ ಇರುವೆ ಕಚ್ಚಿ ದದ್ದುಗಳೆದ್ದವು. ಅಷ್ಟರಲ್ಲಿ ಆ ಪುಣ್ಯಾತ್ಮನಿಗೆ ಹಾಡು ಬೇಕೆನಿಸಿತು. ಕೊಯ್ಲಿನ ಜನಪದ ಹಾಡು ಹಾಡಿ ಅಂದ. “ಎಂಥ ಹಾಡು ಮಾರಾಯ್ರೆ? ಹಾಡ್ತಾ ಕೂತ್ರೆ ಮೇಸ್ತ್ರಿ ಸುಮ್ನೆ ಬಿಡ್ತಾರಾ ಅಂತ ಕೇಳಿ ಮೇಡಂ” ಅಂದರು ಗಿರಿಜಮ್ಮ. ಕೇಳಿದೆ. ಅವನಿಗೆ ನಗು ಬರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಗಿರಿಜಮ್ಮ ತಮ್ಮ ಫ್ಲಾಸ್ಕ್ ತೆಗೆದು ಎಲ್ಲರಿಗೂ ಬೆಲ್ಲದ ಕಾಫಿ ಬಗ್ಗಿಸಿ ಕೊಟ್ಟರು. ಡೈರೆಕ್ಟರ್ ಎರಡು ಲೋಟ ಕುಡಿದ. ಇಂಥ ಕಾಫಿ ಎಲ್ಲೂ ಕುಡಿದಿಲ್ಲ ಅಂದ. ಆಮೇಲೆ ಕ್ಯಾಮೆರಾ ಆನ್ ಮಾಡಿಸಿ, ಈ ಎಸ್ಟೇಟಿನ ಕಾಫಿ ಕುಡಿಯುತ್ತೀರಾ ಅಂತ ಕೇಳಿದ.

ಗಿರಿಜಮ್ಮ ಹೇಳಿದ್ದು ಇಷ್ಟು. “ಈ ಕಾಫಿ ನಾನು ಕುಡಿಯಲ್ಲ. ನಮ್ಮನೆ ಹಿಂದೆ ಹತ್ತು ಗಿಡ ಇದಾವೆ. ನಾನೇ ಕುಯ್ದು, ಒಣಗ್ಸಿ, ಹುರಿದು ಪುಡಿ ಮಾಡೋದು. ಅದ್ರ ಮುಂದೆ ಇದೆಲ್ಲ ಏನಿಲ್ಲ. ಈಗ ಇವ್ರು ಕುಡಿದ್ರಲ್ಲ, ಅದೇ.”

ಒಂದು ಅಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಆಣೆ ಮಾಡಿ ಹೇಳುತ್ತೇನೆ.

ಹೋದ ತಿಂಗಳು ಕಾರ್ಯಕ್ರಮ ಬಂತು. ಮಂಜು, ಬೆಟ್ಟ, ಕೆಂಪು ಸೀರೆ, ಹಿಂದೆ ಕೊಳಲು. ಗಿರಿಜಮ್ಮನ ಮುಖ ದೊಡ್ಡದಾಗಿ ಬಂತು. “ಈ ಕಾಫಿ ನಾನು ಕುಡಿಯಲ್ಲ” ಅಂದರು. ಕೆಳಗೆ ಇಂಗ್ಲಿಷ್ ಸಾಲು. ಅಷ್ಟೇ! ಮುಂದಿನದಕ್ಕೆಲ್ಲ ಕತ್ತರಿ. ತಾನು ಕೊಯ್ಯುವ ಹಣ್ಣಿನ ರುಚಿ ಏನೆಂದೇ ಅರಿಯದ ಈ ಹೆಂಗಸಿನ ಮುಖದಲ್ಲಿ ಎಂಥ ಮುಗುಳ್ನಗೆ ನೋಡಿ ಅಂತ ದಪ್ಪ ದನಿಯೊಂದು ಮರುಗಿತು. ಯಾವ ಮುಗುಳ್ನಗೆ? ಇರುವೆ ಕಚ್ಚಿದ್ದನ್ನು ಹಲ್ಲು ಕಚ್ಚಿ ತಡೆದುಕೊಂಡದ್ದು ಕಣಯ್ಯಾ ಅದು! ಅವರ ಫ್ಲಾಸ್ಕ್ ಖಾಲಿ ಮಾಡಿ ಹೋದವನು, ಅವರಿಗೆ ಕಾಫಿಯೇ ಗೊತ್ತಿಲ್ಲ ಅಂತ ಲೋಕಕ್ಕೆಲ್ಲ ಸಾರಿದ. ನಾಚಿಕೆ ಬೇಡವಾ?

ನಮ್ಮವರಿಗಾದರೂ ಸಿಟ್ಟು ಬಂತಾ? ಎಲ್ಲಿ ಬಂತು! ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಸಮನೆ ಚಪ್ಪಾಳೆ. ನಮ್ಮ ಮೂಡಿಗೆರೆ ಫಾರಿನ್ ಟಿ.ವಿ.ಯಲ್ಲಿ ಅಂತ ಸ್ಟೇಟಸ್ಸು. ವಿದೇಶದವರು ನಮ್ಮನ್ನು ನೋಡಿದರೆ ಸಾಕು, ಏನಾಗಿ ನೋಡಿದರು ಅಂತ ಕೇಳುವ ಮರ್ಯಾದೆಯೂ ನಮಗೆ ಉಳಿದಿಲ್ಲ.

ಗಿರಿಜಮ್ಮನ ಮಗಳು ಶೋಭಾ ಮಸ್ಕತ್ತಿನಲ್ಲಿ ನರ್ಸು. ನಮ್ಮಮ್ಮ ಟಿ.ವಿ.ಯಲ್ಲಿ ಬರ್ತಾರೆ ಅಂತ ಹಾಸ್ಟೆಲಿನ ಗೆಳತಿಯರನ್ನೆಲ್ಲ ಕೂರಿಸಿಕೊಂಡು ನೋಡಿದ್ದಾಳೆ. ಬೇರೆ ಬೇರೆ ದೇಶದ ಹುಡುಗಿಯರು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬಳು ಪಾಪ ಅಂತ ಶೋಭಾಳ ಹೆಗಲ ಮೇಲೆ ಕೈ ಇಟ್ಟಳಂತೆ. ಪ್ರತಿವರ್ಷ ಅಮ್ಮ ಕಳಿಸುವ ಪುಡಿಯಲ್ಲೇ, ನಮ್ಮಮ್ಮನೇ ಮಾಡಿದ್ದು ಅಂತ ಹೇಳಿ, ಆ ಹುಡುಗಿಯರಿಗೆಲ್ಲ ಕಾಫಿ ಮಾಡಿಕೊಡುತ್ತಿದ್ದವಳು ಅವಳು. “ಯಾಕಮ್ಮ ಹಾಗೆ ಹೇಳಿದೆ? ನಾನು ಇಷ್ಟು ದಿನ ಸುಳ್ಳು ಹೇಳಿದ ಹಾಗಾಯ್ತಲ್ಲ” ಅಂತ ಫೋನಿನಲ್ಲಿ ಅತ್ತಳಂತೆ.

ಅದಕ್ಕೇ ಗಿರಿಜಮ್ಮ ನನ್ನನ್ನು ಬಸ್ ಸ್ಟಾಪಿನಲ್ಲಿ ತಡೆದದ್ದು.

“ಪೂರ್ತಿ ಹೇಳಿದ್ದೆ ಗಿರಿಜಮ್ಮ. ಅವರು ಕತ್ತರಿಸಿದ್ದಾರೆ.”

“ಹೌದಾ? ನೀವು ಅಲ್ಲೇ ಇದ್ರಲ್ಲ, ಯಾಕೆ ಕತ್ತರಿಸಿದ್ರಿ ಅಂತ ಅವ್ರನ್ನ ಕೇಳ್ಲಿಲ್ವಾ?”

ಚಾನೆಲ್ಲಿಗೆ ಇಮೇಲ್ ಬರೆದಿದ್ದೆ. ನಿಮ್ಮ ಅಭಿಮಾನಕ್ಕೆ ಧನ್ಯವಾದ ಅಂತ ಉತ್ತರ ಬಂದಿತ್ತು. (ಅಭಿಮಾನವಂತೆ! ನಾನು ಬರೆದದ್ದನ್ನು ಓದಿದ್ದಾದರೂ ಯಾರು?) ಆದರೆ ಅದನ್ನು ಹೇಳಿದರೆ ಗಿರಿಜಮ್ಮನ ಸಂಕಟ ಹೋಗುತ್ತದಾ? ಬಂದ ಬಸ್ಸನ್ನು ಬಿಟ್ಟು ಅವರ ಜೊತೆ ಮನೆಗೆ ಹೋದೆ.

“ಈಗ ನೀವೇ ವಿಡಿಯೋ ಮಾಡಿ” ಅಂದರು. ಶರ್ಟು ಹಾಕಿಕೊಂಡರು, ಟವೆಲ್ಲು ಕಟ್ಟಿದರು. ಹಿತ್ತಲಿನ ಹತ್ತು ಗಿಡ ತೋರಿಸಿದರು. ಒಲೆಯ ಮುಂದೆ ಕೂತು ಬೀಜ ಹುರಿದರು, ಕಾಫಿ ಕಾಸಿದರು, ಕ್ಯಾಮೆರಾ ನೋಡಿಕೊಂಡೇ ಕುಡಿದರು. ಅವತ್ತು ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಗೆಳತಿಯರಿಗೆಲ್ಲ ತೋರಿಸು ಅಂತ ಶೋಭಾಗೆ ಕಳಿಸಿದೆವು. ಗಿರಿಜಮ್ಮನ ಮುಖದಲ್ಲಿ ಗೆಲುವಿತ್ತು. ನಾನೂ ಎರಡು ಲೋಟ ಕುಡಿದು ಬಂದೆ.

ಮಾರನೇ ದಿನ ಶೋಭಾಳ ಮೆಸೇಜು ಬಂತು. “ಎಲ್ರಿಗೂ ತೋರಿಸ್ದೆ ಮೇಡಂ. ಟಿ.ವಿ.ಲಿ ನಿಮ್ಮಮ್ಮ ನಿಮ್ಮ ದೇಶದ ಡ್ರೆಸ್ಸಲ್ಲೇ ಎಷ್ಟು ಚಂದ ಇದ್ರು, ಈ ವಿಡಿಯೋಕ್ಕೆ ಗಂಡಸರ ಶರ್ಟು ಹಾಕಿಸಿದ್ದು ಯಾರು ಅಂತ ಕೇಳ್ತಿದ್ದಾರೆ. ಏನು ಹೇಳ್ಲಿ?”

ಹಾಕಿಸಿದ್ದು ಯಾರೂ ಅಲ್ಲ, ಬಿಚ್ಚಿಸಿದ್ದು ನಾನು. ಇದನ್ನು ಯಾವ ಇಂಗ್ಲಿಷಿನಲ್ಲಿ ಹೇಳಲಿ?