ಅಲ್ ಐನ್‌ನಲ್ಲಿ ತಿದ್ದಿದ ಮೊದಲ ಪುಟ

ಗೋವಾದಿಂದ ಹೊರಟ ವಿಮಾನ ದುಬೈಯಲ್ಲಿ ಇಳಿದಾಗ ಬೆಳಿಗ್ಗೆ ಒಂಬತ್ತು. ಟ್ಯಾಕ್ಸಿಯವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ನೈಜೀರಿಯಾ?" ಎಂದು ಕೇಳಿದ.

"ಯಲ್ಲಾಪುರ," ಎಂದೆ.

ಅವನು ಬಂಟ್ವಾಳದವನಂತೆ. "ಸಾರಿ ಮಾರಾಯ್ರೆ, ನಾನು ಹಾಗೆ ಗ್ರಹಿಸಿದ್ದು," ಎಂದ. ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ತಂದು ಶತಮಾನಗಳೇ ಕಳೆದಿವೆ, ಊರಿನ ಬಸ್ಸಿನಲ್ಲೂ ನಮ್ಮನ್ನು ಹೀಗೇ ಕೇಳುತ್ತಾರೆ. ಅಭ್ಯಾಸವಾಗಿದೆ ಎಂದರೆ ಸುಳ್ಳು. ಸಿಟ್ಟು ಬಂತು.

ನಾನು ಹೋಗಿದ್ದು ಊರು ನೋಡಲಿಕ್ಕಲ್ಲ. ನಮ್ಮ ಜನ ಏದುಸಿರು ಬಿಡುತ್ತ ಆಸ್ಪತ್ರೆಗೆ ಹೋದರೂ 'ಕುಡಿದಿದ್ದಾನೆ' ಎಂದು ವಾಪಸು ಕಳಿಸುವವರಿದ್ದಾರೆ. ಇದನ್ನು ತಡೆಯಲಿಕ್ಕೆ ಒಂದು ಟ್ರಸ್ಟ್ ಕಟ್ಟಲು ಹೊರಟಿದ್ದೆ. ಟ್ರಸ್ಟಿಗಳು ಮೂವರು: ನಾನು, ನನ್ನ ಅವ್ವ, ಅಲ್ ಐನ್‌ನಲ್ಲಿ ನರ್ಸ್ ಆಗಿರುವ ರೋಸಾಕ್ಕ. ನಮ್ಮ ಕೇರಿಯಿಂದ ಮೊದಲು ನರ್ಸಿಂಗ್ ಓದಿದವರು ಅವರು, ಎರಡನೆಯವಳು ನಾನು. ಫೋನಿನಲ್ಲಿ ಒಪ್ಪಿದ್ದ ರೋಸಾಕ್ಕ ಟ್ರಸ್ಟ್ ಪತ್ರದ ಕರಡು ಓದಿದ ಮೇಲೆ, "ಸಹಿ ಆಮೇಲೆ. ನೀನೇ ಬಾ," ಎಂದಿದ್ದರು.

ಅಲ್ ಐನ್‌ಗೆ ಬಸ್ಸಿನಲ್ಲಿ ಇಪ್ಪತ್ತೈದು ದಿರ್ಹಮ್, ಎರಡು ತಾಸಿನ ದಾರಿ. ಪಕ್ಕದಲ್ಲಿ ಉಗಾಂಡಾದ ಹುಡುಗಿಯೊಬ್ಬಳು ಸೆಕ್ಯುರಿಟಿ ಸಮವಸ್ತ್ರದಲ್ಲೇ ನಿದ್ದೆ ಹೋಗಿದ್ದಳು. ಹೊರಗೆ ಮರಳು, ಬೇಲಿ, ಮತ್ತೆ ಮರಳು.

ರೋಸಾಕ್ಕ ಗಂಜಿ, ಒಣಮೀನು ಬಡಿಸಿದರು. ಊಟವಾದ ಮೇಲೆ ಕರಡಿನ ಮೊದಲ ಪುಟ ತೆಗೆದರು. ಅದರಲ್ಲಿ ನನ್ನ ತಮ್ಮ ಫ್ರಾನ್ಸಿಸ್ ಸತ್ತ ಕಥೆ ಇತ್ತು. ಡಾಕ್ಟರು ಮುಟ್ಟಿಯೂ ನೋಡದೆ ಮನೆಗೆ ಕಳಿಸಿದ್ದು, ಮರುದಿನ ಅವನು ತೀರಿಕೊಂಡಿದ್ದು.

"ಅವತ್ತು ಡ್ಯೂಟಿಲಿ ಯಾರಿದ್ರು?"

ನಾನು ಪುಟವನ್ನು ನನ್ನ ಕಡೆಗೆ ಎಳೆದುಕೊಂಡೆ.

"ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದ್ದು ನೀನೇ ಅಲ್ವನೇ?"

"ತೊಂಬತ್ನಾಲ್ಕು ತೋರಿಸ್ತು ಅಕ್ಕ, ಹೆದರೋ ಅಂಕಿ ಅಲ್ಲ. ಅದನ್ನೇ ಡಾಕ್ಟರಿಗೆ ಹೇಳ್ದೆ."

"ನಮ್ಮಂಥ ಕಪ್ಪು ಚರ್ಮದ ಮೇಲೆ ಅದು ಇದ್ದದ್ದಕ್ಕಿಂತ ಹೆಚ್ಚು ತೋರಿಸ್ಲಿಕ್ಕೂ ಸಾಕು. ನಂಗೂ ಇಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು."

ಫ್ರಾನ್ಸಿಸ್ ಅವತ್ತು ಮಾತು ಪೂರ್ತಿ ಮಾಡಲಾರದೆ ಏದುತ್ತಿದ್ದ. ನಾನು ಅವನ ಎದೆ ನೋಡಲಿಲ್ಲ, ಅಂಕಿ ನೋಡಿದೆ. "ನಾಟಕ ಮಾಡಬೇಡ," ಎಂದಿದ್ದೆ.

"ಹಂಗಾದ್ರೆ ನಾನೇ ಕೊಂದೆ ಅಂತ ಬರೀಲಾ?" ಎಂದು ಎದ್ದುಬಿಟ್ಟೆ. ಇದಕ್ಕೋಸ್ಕರ ಸಮುದ್ರ ದಾಟಿ ಬಂದೆನೇ ಅನ್ನಿಸಿತು. ಖರ್ಜೂರದ ತೋಟದ ಕಾಲುದಾರಿಯಲ್ಲಿ ಬಿಸಿಲಿಳಿಯುವವರೆಗೆ ಸುಮ್ಮನೆ ತಿರುಗಿದೆ.

ವಾಪಸು ಬಂದಾಗ ರೋಸಾಕ್ಕ ಚಹಾ ಇಟ್ಟು ಹೇಳಿದರು: "ಡಾಕ್ಟರನ ತಪ್ಪು ತೆಗೀಬೇಡ, ಅದು ಇರ್ಲಿ. ನಮ್ಮವಳೇ ಆದ ನರ್ಸಿಗೂ ಯಾರೂ ಇದನ್ನು ಕಲಿಸ್ಲಿಲ್ಲ. ಅದಕ್ಕೇ ಅಲ್ವನೇ ಈ ಟ್ರಸ್ಟ್? ಅದನ್ನ ಮುಚ್ಚಿಟ್ರೆ ನಾನು ಸಹಿ ಹಾಕೂದಿಲ್ಲ."

ಮರುದಿನ ಬೆಳಿಗ್ಗೆ ಅವರ ಊಟದ ಮೇಜಿನ ಮುಂದೆ ಕೂತು ಹೊಸ ಪುಟ ಬರೆದೆ. ತೊಂಬತ್ನಾಲ್ಕು ಎಂದು ಬರೆದೆ. ನನ್ನ ಹೆಸರು ಬರೆದೆ. ನಾನು ಅವನಿಗೆ ಹೇಳಿದ ಮಾತನ್ನೂ ಬರೆದೆ. ರೋಸಾಕ್ಕ ಎರಡು ಸಲ ಓದಿ ಸಹಿ ಹಾಕಿದರು.

ವಿಮಾನ ಮೇಲೇರಿದಾಗ ಕೆಳಗೆ ದುಬೈ ಧೂಳಿನಲ್ಲಿ ಮಸುಕಾಗಿತ್ತು. ಹೊಸ ಪುಟವಿದ್ದ ಬ್ಯಾಗನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಇನ್ನು ಉಳಿದಿದ್ದು ಅವ್ವನ ಹೆಬ್ಬೆಟ್ಟು. ಅವ್ವನಿಗೆ ಓದಲು ಬರುವುದಿಲ್ಲ. ಯಾವ ಕಾಗದ ಬಂದರೂ ನನ್ನ ಮುಂದೆ ಹಿಡಿದು, "ಓದಿ ಹೇಳು ಮಗಾ," ಎನ್ನುತ್ತಾಳೆ.