ಹಿಡಿ ಅಕ್ಕಿಗೊಂದು ಕಿಂಡಿ

ಪೀಣ್ಯ ಎರಡನೇ ಹಂತದ ಹನುಮಂತರಾಯಪ್ಪನವರ ವರ್ಕ್‌ಶಾಪಿನಲ್ಲಿ ಡೈ ಮಾಡುವ ಗದಿಗೆಪ್ಪ ಎಂದರೆ ಅಕ್ಕಪಕ್ಕದ ನಾಲ್ಕು ಶೆಡ್ಡಿನವರಿಗೂ ಗೊತ್ತು. ತಗಡನ್ನು ಒತ್ತಿ ಬೇಕಾದ ಆಕಾರಕ್ಕೆ ತರುವ ಉಕ್ಕಿನ ಅಚ್ಚಿಗೆ ಡೈ ಎನ್ನುತ್ತಾರೆ. ಆ ಅಚ್ಚು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗದಿಗೆಪ್ಪನಿಗೆ ಅವತ್ತು ಊಟ ಸೇರುವುದಿಲ್ಲ. ಅವನ ಅಂಗಿ ಜೇಬಿನಲ್ಲಿ ಪೆನ್ನಿನ ಬದಲು ದಪ್ಪ ಅಳೆಯುವ ವರ್ನಿಯರ್ ಇರುತ್ತಿತ್ತು. ಮದುವೆ ಮನೆಗೆ ಹೋದರೂ ಇರುತ್ತಿತ್ತು. ಒಮ್ಮೆ ನೆಂಟರ ಮನೆಯ ಪಂಕ್ತಿಯಲ್ಲಿ ಕೂತು ಹೋಳಿಗೆಯ ದಪ್ಪ ಅಳೆದು, ಬಡಿಸುತ್ತಿದ್ದ ಹೆಣ್ಣುಮಕ್ಕಳೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುವಂತೆ ಮಾಡಿದ್ದ. ಹೆಂಡತಿ ಸಿದ್ದಮ್ಮ ಅದನ್ನು ಇನ್ನೂ ಕ್ಷಮಿಸಿರಲಿಲ್ಲ.

ಇಂಥ ಲೆಕ್ಕಾಚಾರದ ಮನುಷ್ಯ, 1996ರ ಬೇಸಿಗೆಯಲ್ಲಿ, ಅಡುಗೆಮನೆಗೆ ಒಂದು ಅಕ್ಕಿ ಡಬ್ಬಿ ಆರಿಸಲಾಗದೆ ಎರಡು ತಿಂಗಳು ಒದ್ದಾಡಿದ. ತಮಾಷೆಯಲ್ಲ, ನಿಜವಾಗಿಯೂ ಒದ್ದಾಡಿದ.

ಗಂಡಹೆಂಡತಿ ಇಬ್ಬರೂ ಹರಿಹರದ ಕಡೆಯವರು. ಹೆಗ್ಗನಹಳ್ಳಿಯಲ್ಲಿ ಲಕ್ಷ್ಮಮ್ಮನವರ ವಠಾರದಲ್ಲಿ ಬಾಡಿಗೆಗಿದ್ದರು. ಲಕ್ಷ್ಮಮ್ಮ ಅದೇ ಊರಿನ ಹಳೇ ಒಕ್ಕಲು ಮನೆತನದ ಹೆಂಗಸು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ಎಂಟು ಮನೆ ಕಟ್ಟಿಸಿದ್ದರು. ಗದಿಗೆಪ್ಪನಿಗೆ ಮಕ್ಕಳಿಲ್ಲ. ಬೆಳಿಗ್ಗೆ ಆರಕ್ಕೆ ಅವನು ಮೊದಲ ಶಿಫ್ಟಿಗೆ ಹೊರಟರೆ ಮನೆಯಲ್ಲಿ ಸಿದ್ದಮ್ಮ ಒಬ್ಬಳೇ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳ ಬಲಭುಜ ಹಿಡಿದುಕೊಂಡಿತು. ಕೈ ಮೇಲಕ್ಕೂ ಹೋಗದು, ಕೆಳಕ್ಕೆ ಚಾಚಿದರೆ ಜೀವ ಹೋದಂತಾಗುವುದು. ಡಾಕ್ಟರು ಎಣ್ಣೆ ಕೊಟ್ಟರು, ಮಾತ್ರೆ ಕೊಟ್ಟರು, ಬಗ್ಗಿ ಭಾರ ಎಳೆಯಬೇಡಿ ಎಂದರು.

ಬಗ್ಗದೆ ಹೇಗಿರುತ್ತಾಳೆ? ಅಕ್ಕಿ ಇದ್ದದ್ದು ಅಡುಗೆಕಟ್ಟೆಯ ಕೆಳಗಿನ ತಗಡಿನ ಡ್ರಮ್ಮಿನಲ್ಲಿ. ಎಳೆದು, ಮುಚ್ಚಳ ಕಿತ್ತು, ಮೊಣಕಾಲೂರಿ ಕೂತು, ತಿಂಗಳ ಕೊನೆಗಂತೂ ತಳದವರೆಗೆ ಕೈ ಇಳಿಸಬೇಕು. "ನಾನೇ ಬೆಳಗ್ಗೆ ತಗದು ಇಟ್ಟು ಹೋಗ್ತೀನಿ ಬಿಡು" ಎಂದು ಗದಿಗೆಪ್ಪ ದೊಡ್ಡದಾಗಿ ಹೇಳಿದ. ನಾಲ್ಕು ದಿನ ತೆಗೆದಿಟ್ಟ. ಐದನೇ ದಿನ ಬಸ್ಸು ತಪ್ಪಿಹೋಗುತ್ತದೆಂದು ಓಡಿದ. ಆಮೇಲೆ ಅವನಿಗೂ ನೆನಪಾಗಲಿಲ್ಲ, ಅವಳೂ ನೆನಪಿಸಲಿಲ್ಲ.

ಆಗಲೇ ಲಕ್ಷ್ಮಮ್ಮನವರ ಮನೆಗೆ ಹೊಸ ಅಕ್ಕಿ ಡಬ್ಬಿ ಬಂದದ್ದು. ಎದೆಯೆತ್ತರಕ್ಕೆ ಗೋಡೆಗೆ ತಗುಲಿಸುವಂಥದ್ದು. ಮೇಲೆ ಅಕ್ಕಿ ಸುರಿದಿಟ್ಟರೆ ಕೆಳಗಿನ ಗುಂಡಿ ಒತ್ತಿದಷ್ಟು ಸಲ ಒಂದೊಂದು ಪಾವು ಬೀಳುತ್ತದೆ. ಲಕ್ಷ್ಮಮ್ಮ ವಠಾರದವರನ್ನೆಲ್ಲ ಕರೆದು ತೋರಿಸಿದರು.

"ನೋಡಮ್ಮಿ, ಇಂಗೆ ಅಮುಕಿದ್ರೆ ಸಾಕು, ಅಂಗೇ ಬಂದು ಬೀಳ್ತದೆ. ಬಗ್ಗಂಗಿಲ್ಲ, ಎಳೆಯಂಗಿಲ್ಲ. ನಿನ್ ಗಂಡಂಗೆ ಯೋಳು, ಒಂದು ತಂದಾಕ್ಲಿ."

ಸಂಜೆ ಸಿದ್ದಮ್ಮ ಗಂಡನಿಗೆ ಕಾಫಿ ಕೊಡುತ್ತ ಹೇಳಿದಳು: "ಏನ್ರೀ, ಲಕ್ಷ್ಮಮ್ಮಾರ ಮನ್ಯಾಗ ಇರೋ ಅಂಥ ಡಬ್ಬಿ ನಮ್ಗೂ ಒಂದು ನೋಡ್ರಿ. ಡ್ರಮ್ಮಿನಾಗ ಕೈ ಹಾಕಾಕ ಇನ್ನ ಆಗವಲ್ದು."

ಮದುವೆಯಾದ ಹದಿನೈದು ವರ್ಷದಲ್ಲಿ ಬಾಯಿಬಿಟ್ಟು ಒಂದು ವಸ್ತು ಬೇಕೆಂದು ಕೇಳಿದವಳಲ್ಲ ಸಿದ್ದಮ್ಮ. ಗದಿಗೆಪ್ಪ ಹೂಂ ಎಂದ. ಹೂಂ ಎಂದವನ ಕಣ್ಣು ಮಾತ್ರ ಒಲೆಯ ಪಕ್ಕದ ಮಣ್ಣಿನ ಗಡಿಗೆಯ ಮೇಲೆ ನೆಟ್ಟಿತ್ತು.

ಆ ಗಡಿಗೆಯ ವಿಷಯ ಹೇಳದಿದ್ದರೆ ಗದಿಗೆಪ್ಪನ ವಿಷಯ ಹೇಳಿದಂತಾಗುವುದಿಲ್ಲ. ಹತ್ತು ವರ್ಷದವನಿದ್ದಾಗ ಅವನ ಅಪ್ಪ ತೀರಿಕೊಂಡ. ಅವ್ವ ಅವನ ಕೈಹಿಡಿದು ಕರೆತಂದು ಒಂದು ಮಠದ ಹಾಸ್ಟೆಲಿನ ಬಾಗಿಲಲ್ಲಿ ನಿಲ್ಲಿಸಿದಳು. ಯಾರೂ ಜಾಮೀನು ಕೇಳಲಿಲ್ಲ, ಯಾರ ಮಗ ಎಂದೂ ಹೆಚ್ಚು ಕೆದಕಲಿಲ್ಲ. "ಊಟದ ಹೊತ್ತಾಗೈತಿ, ಕುಂದ್ರು" ಎಂದರು, ಅಷ್ಟೇ. ಕೂತವನು ಆರು ವರ್ಷ ಅಲ್ಲೇ ಉಂಡ. ಆ ಅನ್ನ ಬರುತ್ತಿದ್ದದ್ದು ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸುತ್ತಲ ಊರುಗಳಿಂದ. ಮನೆಮನೆಯ ಹೆಂಗಸರು ತಮ್ಮ ಮನೆಯ ಪಾವು ಅಳೆಯುವುದಕ್ಕೆ ಮೊದಲು ಬಲಗೈಯಿಂದ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಗಡಿಗೆಗೆ ಹಾಕಿಡುತ್ತಿದ್ದರು. ಸೋಮವಾರ ಮಠದ ಗಾಡಿ ಬಂದರೆ ಗಡಿಗೆ ತಂದು ಚೀಲಕ್ಕೆ ಸುರಿಯುತ್ತಿದ್ದರು. ದಪ್ಪಕ್ಕಿ, ಸಣ್ಣಕ್ಕಿ, ಕೆಂಪಕ್ಕಿ, ಎಲ್ಲ ಒಂದೇ ಹಂಡೆಯಲ್ಲಿ. ಒಂದು ಅಗುಳು ಬೆಂದು ಕರಗಿರುತ್ತಿತ್ತು, ಇನ್ನೊಂದು ಹಲ್ಲಿಗೆ ಸಿಕ್ಕಿ ಕಟಕ್ಕೆನ್ನುತ್ತಿತ್ತು. ಅಂಥ ರುಚಿಯ ಅನ್ನ ಆಮೇಲೆ ಎಲ್ಲೂ ಸಿಗಲಿಲ್ಲ ಎಂದು ಗದಿಗೆಪ್ಪ ಸುಳ್ಳು ಹೇಳುತ್ತಿದ್ದ. ರುಚಿ ಇರಲಿಲ್ಲ. ಹೊಟ್ಟೆ ತುಂಬುತ್ತಿತ್ತು, ದಿನಕ್ಕೆ ಎರಡು ಹೊತ್ತು, ಆರು ವರ್ಷ.

ಆ ಅನ್ನದ ಮೇಲೆ ಐಟಿಐ ಓದಿದ, ಪೀಣ್ಯಕ್ಕೆ ಬಂದ, ಮನುಷ್ಯನಾದ. ಮದುವೆಯಾದ ವಾರದಲ್ಲೇ ಹೆಂಡತಿಗೆ ಮಠದ ಅನ್ನದ ಕತೆ ಹೇಳಿ ಒಂದು ಗಡಿಗೆ ತಂದಿಟ್ಟ. ಅಂದಿನಿಂದ ಆ ಮನೆಯಲ್ಲಿ ಹಿಡಿ ಅಕ್ಕಿ ಒಂದು ದಿನ ತಪ್ಪಿದ್ದಿಲ್ಲ. ಗಡಿಗೆ ತುಂಬಿದಾಗ ಬೇವಿನ ಸೊಪ್ಪು ಹಾಕಿ ಚೀಲಕ್ಕೆ ಸುರಿಯುವುದು, ಜೂನಿನಲ್ಲಿ ಹಾಸ್ಟೆಲ್ ತೆರೆಯುವ ಹೊತ್ತಿಗೆ ಗದಿಗೆಪ್ಪ ವರ್ಷವಿಡೀ ಕೂಡಿದ ಹದಿನೈದು ಕಿಲೋ ಹೆಗಲ ಮೇಲೆ ಹೊತ್ತು ತುಮಕೂರು ರಸ್ತೆಯಲ್ಲಿ ಹರಿಹರದ ಬಸ್ಸು ಹತ್ತುವುದು. ಮಠದ ಬುದ್ಧಿಯವರು ಅವನ ಹಣೆಗೆ ವಿಭೂತಿ ಹಚ್ಚಿ, ಉಣ್ಣಲು ಕೂತ ಹುಡುಗರಿಗೆ "ಇದು ಗದಿಗೆಪ್ಪನ ಅಕ್ಕಿ" ಎಂದು ತೋರಿಸುತ್ತಿದ್ದರು. ಅವನ ಕಣ್ಣು ತುಂಬುತ್ತಿತ್ತು.

ಈಗ ಗುಂಡಿ ಒತ್ತಿದರೆ ಅಳೆದ ಪಾವು ಬೀಳುವ ಡಬ್ಬಿ ಮನೆಗೆ ಬಂದರೆ, ಪಾವಿಗೆ ಮೊದಲಿನ ಹಿಡಿ ಎಲ್ಲಿಂದ ಬರಬೇಕು? ಕೈ ಹಾಕಲು ಜಾಗವೇ ಇಲ್ಲದ ಕಡೆ ಹಿಡಿ ಎಲ್ಲಿಯದು? ಇವತ್ತು ಮರೆತರೆ ನಾಳೆ ಬಿಟ್ಟೇಹೋಗುತ್ತದೆ. ಹಾಗೆಂದು ಭುಜ ಹಿಡಿದುಕೊಂಡು ನರಳುವ ಹೆಂಡತಿಯ ಮುಂದೆ ಹೇಳಲು ಬಾಯಿ ಬರಲಿಲ್ಲ.

ಭಾನುವಾರ ಇಬ್ಬರೂ ಯಶವಂತಪುರದ ಪಾತ್ರೆ ಅಂಗಡಿಗೆ ಹೋದರು. ಅಂಗಡಿಯವನು ಮೂರು ನಮೂನೆ ತೋರಿಸಿದ. ಒಂದು ಪ್ಲಾಸ್ಟಿಕ್ಕಿನದು, ಒಂದು ಬಣ್ಣ ಹೊಡೆದ ತಗಡಿನದು, ಒಂದು ಸ್ಟೀಲಿನದು. ಗದಿಗೆಪ್ಪ ವರ್ನಿಯರ್ ತೆಗೆದ. ಸಿದ್ದಮ್ಮ ಮುಖ ಆಚೆ ತಿರುಗಿಸಿಕೊಂಡಳು.

ಪ್ಲಾಸ್ಟಿಕ್ಕಿನದನ್ನು ಇಲಿ ಕಡಿಯುತ್ತದೆ ಎಂದ. ತಗಡಿನದರ ಅಂಚಿಗೆ ಬೆರಳಾಡಿಸಿ, ತರಿ ಇದೆ, ಕೈ ಕೊಯ್ಯುತ್ತದೆ ಎಂದ. ಸ್ಟೀಲಿನದರ ಗುಂಡಿಯನ್ನು ಹತ್ತು ಸಲ ಒತ್ತಿ ಹತ್ತು ಸಲವೂ ಬಿದ್ದ ಅಕ್ಕಿಯನ್ನು ತಕ್ಕಡಿಗೆ ಹಾಕಿಸಿದ. ಹತ್ತೂ ಸಲ ಒಂದೇ ತೂಕ. ಅಂಗಡಿಯವನು ಹಿಗ್ಗಿದ. ಗದಿಗೆಪ್ಪ ಕುಗ್ಗಿದ. ಕೊನೆಗೆ ಸ್ಪ್ರಿಂಗ್ ಎರಡು ವರ್ಷವೂ ಬಾಳುವುದಿಲ್ಲ ಎಂದು ನೆಪ ತೆಗೆದ.

"ಸಾರ್, ಇದು ಅಕ್ಕಿ ಹಾಕೋ ಡಬ್ಬಿ ಸಾರ್, ವಿಮಾನ ಅಲ್ಲ" ಎಂದ ಅಂಗಡಿಯವನು.

ಸಿದ್ದಮ್ಮ ಎಡಗೈಯಿಂದ ಸ್ಟೀಲ್ ಡಬ್ಬಿಯ ಗುಂಡಿಯನ್ನು ಒಮ್ಮೆ ಒತ್ತಿ ನೋಡಿದಳು. ಸಲೀಸಾಗಿ ಇಳಿಯಿತು. ಬಿದ್ದ ಅಕ್ಕಿಯನ್ನು ನೋಡಿದಳು, ಗಂಡನ ಮುಖ ನೋಡಿದಳು. ಬರಿಗೈಯಲ್ಲಿ ಬಸ್ಸು ಹತ್ತಿದರು. ಹೀಗೆ ಇನ್ನೂ ಮೂರು ಭಾನುವಾರ, ಇನ್ನೂ ಮೂರು ಅಂಗಡಿ. ಪ್ರತಿ ಸಲವೂ ಗದಿಗೆಪ್ಪನ ವರ್ನಿಯರಿಗೆ ಏನಾದರೊಂದು ಐಬು ಸಿಗುತ್ತಿತ್ತು.

ನಾಲ್ಕನೇ ಭಾನುವಾರ ವಾಪಸು ಬರುವಾಗ ಅವನಿಗೆ ತಟ್ಟನೆ ಹೊಳೆಯಿತು. ಕೊಳ್ಳುವುದೇಕೆ, ತಾನೇ ಮಾಡಿದರಾಯಿತಲ್ಲ! ಒಂದು ಸಲ ಹಿಡಿಕೆ ಎಳೆದರೆ ಕೆಳಗಿನ ಬಾಯಿಂದ ಒಂದು ಪಾವು. ಅದಕ್ಕೂ ಮೊದಲು ಪಕ್ಕದ ಸಣ್ಣ ಕಿಂಡಿಯಿಂದ ತಾನಾಗಿಯೇ ಒಂದು ಹಿಡಿ ಗಡಿಗೆಗೆ. ಮರೆಯುವ ಮಾತೇ ಇಲ್ಲ, ತಪ್ಪುವ ಮಾತೇ ಇಲ್ಲ. ಬಸ್ಸಿನಲ್ಲಿ ಕೂತಲ್ಲೇ ಟಿಕೆಟ್ಟಿನ ಹಿಂದೆ ಚಿತ್ರ ಬರೆದ.

ಮಾಲೀಕ ಹನುಮಂತರಾಯಪ್ಪ ಅಡ್ಡಿ ಮಾಡಲಿಲ್ಲ. "ತುಂಡು ಶೀಟು ತಗೊಳ್ಳಯ್ಯ, ಶಿಫ್ಟ್ ಮುಗುದ್ಮೇಲೆ ಏನಾರ ಮಾಡ್ಕೊ. ನಮ್ ಮನೆಯೋಳ್ಗೆ ಮಾತ್ರ ಯೋಳ್ಬೇಡ, ಅವ್ಳೂ ಒಂದು ಕೇಳ್ತಾಳೆ" ಎಂದರು.

ಮೊದಲು ಮಾಡಿದ್ದು ಕೆಟ್ಟಿತು. ಅವನು ಒಳಗಿನ ಜಾರುಪಟ್ಟಿಯನ್ನು ಡೈಗೆ ಕೂರಿಸುವಂತೆ ಸಂದಿಲ್ಲದೆ ಬಿಗಿಯಾಗಿ ಕೂರಿಸಿದ್ದ. ಅಕ್ಕಿಯ ತೌಡು ಒಳಸೇರಿ ಮೂರನೇ ಎಳೆತಕ್ಕೆ ಕಚ್ಚಿಕೊಂಡಿತು. ಅರ್ಧ ಮಿಲಿಮೀಟರು ಸಡಿಲ ಬಿಟ್ಟು ಮತ್ತೆ ಮಾಡಿದ. ಬಿಡುವಿದ್ದ ಸಂಜೆಗಳೆಲ್ಲ ಅದಕ್ಕೇ ಹೋದವು. ಮೇ ತಿಂಗಳ ಕೊನೆಗೆ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಹೊತ್ತು ತಂದಂತೆ ಮನೆಗೆ ತಂದ.

ಗೋಡೆಗೆ ಮೊಳೆ ಹೊಡೆದು, ಸಿದ್ದಮ್ಮನ ಸೊಂಟದೆತ್ತರಕ್ಕೆ ತಗುಲಿಸಿ, ಅಕ್ಕಿ ಸುರಿದು, ಕೆಳಗೆ ಬೋಗುಣಿ ಇಟ್ಟು, ಪಕ್ಕದ ಕಿಂಡಿಗೆ ಗಡಿಗೆ ಹಿಡಿದ. ಹಿಡಿಕೆ ಎಳೆದ. ಸರಕ್ಕನೆ ಗಡಿಗೆಗೆ ಒಂದು ಹಿಡಿ ಬಿತ್ತು, ಮರುಗಳಿಗೆಗೆ ಬೋಗುಣಿಗೆ ಒಂದು ಪಾವು.

"ನೋಡಿದ್ಯಾ? ಇನ್ನ ನೀನು ಹಿಡಿ ಅಕ್ಕಿ ತಗಿಯೂ ತ್ರಾಸೇ ಇಲ್ಲ" ಎಂದ. ಮುಖ ಅರಳಿತ್ತು.

ಸಿದ್ದಮ್ಮ ಗಡಿಗೆಯೊಳಗೆ ಇಣುಕಿ ನೋಡಿದಳು. "ಭಾಳ ಬಿತ್ತಲ್ರೀ. ಇದು ಯಾರ ಹಿಡಿ?"

"ನಂದು. ನನ್ನ ಮುಷ್ಟಿ ಅಳತಿ ತಗೊಂಡೇ ಮಾಡೀನಿ."

"ನಿಮ್ಮ ಮುಷ್ಟಿ?" ಸಿದ್ದಮ್ಮ ನಕ್ಕಳು. "ಹದಿನೈದು ವರ್ಷದಾಗ ಒಂದು ದಿನಾರ ಈ ಗಡಿಗಿಗೆ ನಿಮ್ಮ ಮುಷ್ಟಿ ಬಿದ್ದೈತೇನ್ರಿ?"

ಅವಳು ಕುಟುಕಲು ಹೇಳಿದ್ದಲ್ಲ. ಗದಿಗೆಪ್ಪ ಮಾತ್ರ ಹಿಡಿಕೆಯ ಮೇಲೆ ಕೈಯಿಟ್ಟವನು ಹಾಗೇ ನಿಂತ.

ಸಿದ್ದಮ್ಮ ಚಾಪೆಯ ಮೇಲೆ ಕೂತು ನಿಧಾನಕ್ಕೆ ಹೇಳಿದಳು: "ಭುಜ ಹಿಡಿದಾಗಿಂದ ಕಸ, ಮುಸುರಿ ಎಲ್ಲಾ ಎಡಗೈಲೆ ಮಾಡ್ಕೋತೀನಿ. ನಮ್ಮ ಪಾವೂ ಎಡಗೈಲೇ ಅಳದೀನಿ. ಆದ್ರ ಮೊದಲ ಹಿಡಿ ಎಡಗೈಲೆ ಕೊಡಾಕ ಬರ್ತೈತೇನು? ಅದಕ್ಕ ದಿನಾ ಡ್ರಮ್ಮಿನಾಗ ಬಲಗೈನ ಹಾಕ್ತಿದ್ದೆ. ಅಷ್ಟಕ್ಕ ಕಣ್ಣಾಗ ನೀರು ಬರ್ತಿತ್ರಿ. ಅದಕ್ಕ ನಾ ಡಬ್ಬಿ ಕೇಳಿದ್ದು. ಎಡಗೈಲೆ ಒತ್ತಿದ್ರ ಅಕ್ಕಿ ತಾನ ಬೋಗುಣಿಗೆ ಬರ್ತೈತಿ, ಯಾರೂ ಮುಟ್ಟಿರೂದಿಲ್ಲ. ಅದರಾಗ ಬಲಗೈಲೆ ಮೊದಲ ಹಿಡಿ ತಗೀಬಹುದು ಅಂತ."

ಯಾವ ಹಿಡಿ ತಪ್ಪಬಾರದೆಂದು ಅವನು ನಾಲ್ಕು ಅಂಗಡಿಯಿಂದ ಬರಿಗೈಯಲ್ಲಿ ಬಂದಿದ್ದನೋ ಆ ಹಿಡಿಗಾಗಿಯೇ ಅವಳು ಡಬ್ಬಿ ಕೇಳಿದ್ದಳು. ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಎರಡು ತಿಂಗಳ ನೋವು ತಪ್ಪುತ್ತಿತ್ತು. ಗದಿಗೆಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಈಗರ ಆತಲ್ಲ" ಎಂದ, ಮೆಲ್ಲಗೆ. "ಈ ಕಿಂಡಿ ಇದ್ರ ನೀನು ಬಲಗೈನೂ ಎತ್ತಬೇಕಾಗಿಲ್ಲ."

"ಕಿಂಡಿ ಬ್ಯಾಡ್ರೀ. ಡಬ್ಬಿ ಕೊಟ್ಟಂಗಾಗ್ತೈತಿ, ನಾವು ಕೊಟ್ಟಂಗಾಗೂದಿಲ್ಲ." ಹೇಳಲೋ ಬೇಡವೋ ಎಂಬಂತೆ ಸೆರಗಿನ ಅಂಚು ತಿರುವುತ್ತ, "ಹಿಡಿ ತಗಿಯುವಾಗ ದಿನಾ ಒಬ್ಬ ಹುಡುಗನ್ನ ನೆನಸ್ತೀನಿ. ಹತ್ತು ವರ್ಷದಂವ. ಅಪ್ಪ ಇಲ್ಲ. ಚೊಣ್ಣ ಹಾಕ್ಕೊಂಡು ಪಂಕ್ತಿ ಕೊನಿಗೆ ಕುಂತಾನ, ಅನ್ನ ಇಲ್ಲಿ ಮಟ ಬರ್ತೈತೋ ಇಲ್ಲೋ ಅಂತ ನೋಡಾಕತ್ತಾನ. ಅವನ ತಾಟಿಗೆ ಹಾಕಿದಂಗ ಹಾಕ್ತೀನಿ" ಎಂದಳು.

ಗದಿಗೆಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ಪಂಕ್ತಿಯ ಕೊನೆಯಲ್ಲಿ ಕೂತದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳದೆಯೇ ಇವಳಿಗೆ ಹೇಗೆ ಗೊತ್ತಾಯಿತೋ. ಪ್ರತಿ ಜೂನಿನಲ್ಲಿ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಬಂದವನು ತಾನು, ಉಂಡವನೂ ತಾನು. ಕೊಟ್ಟವಳು ಇಲ್ಲಿ ಕೂತಿದ್ದಾಳೆ, ಭುಜಕ್ಕೆ ಎಣ್ಣೆ ಹಚ್ಚಿಕೊಂಡು. ಅವನಿಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟ. "ಅಯ್ಯ, ಏನಾತ್ರೀ ಈಗ" ಎಂದು ಸಿದ್ದಮ್ಮ ಗಾಬರಿಯಾಗಿ ಎದ್ದು ನೀರು ತಂದಳು, ಎಡಗೈ ಎಂದು ನೆನಪಾಗಿ ಲೋಟವನ್ನು ಬಲಗೈಗೆ ಬದಲಿಸಿ ಕೊಟ್ಟಳು.

ಮಾರನೇ ದಿನ ಡಬ್ಬಿ ಮತ್ತೆ ವರ್ಕ್‌ಶಾಪಿಗೆ ಹೋಗಿ, ಕಿಂಡಿ ಮುಚ್ಚಿಸಿಕೊಂಡು, ಸಂಜೆಗೆ ಗೋಡೆಗೆ ಬಂತು. ಅದರ ಮರುದಿನ ಬೆಳಿಗ್ಗೆ ಗದಿಗೆಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಶಿಫ್ಟಿನ ಹೊತ್ತು ಮೀರುತ್ತಿದ್ದರೂ ಅಡುಗೆಮನೆಗೆ ಬಂದು ನಿಂತ. ಸಿದ್ದಮ್ಮ ಒಲೆಯ ಮೇಲೆ ಎಸರಿಟ್ಟಿದ್ದಳು. ಅವನು ಬೋಗುಣಿ ಹಿಡಿದು ಹಿಡಿಕೆ ಎಳೆದ, ಬಿದ್ದ ಅಕ್ಕಿಯಲ್ಲಿ ಬಲಗೈ ಹಾಕಿದ, ಒಂದು ಗಳಿಗೆ ಕಣ್ಣುಮುಚ್ಚಿ ಮಠಕ್ಕೆ ಹಿಡಿ ಅಕ್ಕಿ ಕೊಟ್ಟ ಆ ಊರುಗಳ ಹೆಂಗಸರನ್ನೆಲ್ಲ ನೆನೆಯಲು ನೋಡಿದ. ಒಬ್ಬರ ಮುಖವೂ ಅವನಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತವಳ ಮುಖ ಕಂಡಿತು. ಹಿಡಿಯನ್ನು ಗಡಿಗೆಗೆ ಹಾಕಿದ.

ಸಿದ್ದಮ್ಮ ಬೋಗುಣಿಯೊಳಗೆ ನೋಡಿದಳು. ಅರ್ಧಕ್ಕರ್ಧ ಖಾಲಿಯಾಗಿತ್ತು.

"ಎಷ್ಟು ದೊಡ್ಡ ಕೈರೀ ನಿಮ್ದು!" ಎಂದಳು. "ಇನ್ನೊಮ್ಮೆ ಎಳೀರಿ. ಆ ಹುಡುಗ ಉಂಡ, ಈಗ ನಾವು ಉಣ್ಣೂಣು."